ಹಳ್ಳಕ್ಕೆ ಬಿಟ್ಟ ಸಾಲ್ಮನ್ ಮರಿ

ಇಂದಿಗೂ ತಣ್ಣೀರು ತುಂಬಿದ ಪ್ಲಾಸ್ಟಿಕ್ ಲೋಟ ಕೈಗೆ ಬಂದರೆ ಮೂರನೇ ಕ್ಲಾಸಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಚಳಿಗಾಲವಿಡೀ ಕ್ಲಾಸಿನ ತೊಟ್ಟಿಯಲ್ಲಿ ಮೊಟ್ಟೆಯಿಂದ ಸಾಕಿದ ಸಾಲ್ಮನ್ ಮೀನಿನ ಮರಿಗಳನ್ನು ಬಿಡಲು ನಮ್ಮನ್ನು ನಾವಿದ್ದ ಊರಾದ ಶೋರ್‌ಲೈನ್‌ನ ಹಳ್ಳವೊಂದಕ್ಕೆ ಕರೆದೊಯ್ದಿದ್ದರು. ಅಮ್ಮನಿಗೆ ಆಫೀಸಿದ್ದುದರಿಂದ, ಮೈಸೂರಿನಿಂದ ಬಂದಿದ್ದ ಅಜ್ಜಿ ನನ್ನ ಜೊತೆಗಿದ್ದರು. ಒಬ್ಬೊಬ್ಬರ ಲೋಟದಲ್ಲೂ ಒಂದೊಂದು ಮರಿ. ಎಲ್ಲರ ಮರಿಗಳೂ ನೀರಿಗೆ ಬಿದ್ದೊಡನೆ ಮಾಯವಾದವು. ನನ್ನದು ಮಾತ್ರ ಕಲ್ಲಿನ ಪಕ್ಕ ಅಲುಗದೆ ನಿಂತಿತು.

"ಅಜ್ಜಿ, ಇಟ್ಸ್ ಡೈಯಿಂಗ್," ಎಂದು ನಾನು ಅಳತೊಡಗಿದೆ.

ಟೀಚರ್ ಬಗ್ಗಿ ನೋಡಿ, ಅದು ಈ ನೀರಿನ ವಾಸನೆ ಕಲಿಯುತ್ತಿರಬಹುದು, ಸಮುದ್ರದಲ್ಲಿ ಬೆಳೆದು ದೊಡ್ಡದಾದ ಮೇಲೆ ಆ ವಾಸನೆ ಹಿಡಿದೇ ಇಲ್ಲಿಗೆ ಮರಳುತ್ತದೆ ಎಂದರು. ನನ್ನ ಹರಕು ಕನ್ನಡದಲ್ಲಿ ಅದನ್ನು ಅಜ್ಜಿಗೆ ಹೇಳಿದೆ.

"ಅಷ್ಟು ದೊಡ್ಡ ಸಮುದ್ರದಿಂದ? ಬರೀ ವಾಸನೆ ಹಿಡ್ಕೊಂಡಾ?" ಅಜ್ಜಿಯ ಕಣ್ಣುಗಳು ಅರಳಿದವು. "ಹಾಗಾದ್ರೆ ಅವಸರ ಮಾಡ್ಬೇಡ ಕಣೇ. ತನ್ನೂರನ್ನ ಚೆನ್ನಾಗಿ ನೋಡ್ಕೊಳ್ಳಲಿ."

ಮೀನೆಂದರೆ ಮೂಗು ಮುಚ್ಚುತ್ತಿದ್ದ ಅಜ್ಜಿ ಸೀರೆ ಎತ್ತಿ ಕಟ್ಟಿ, ಕೊರೆಯುವ ನೀರಿಗಿಳಿದು, ಮರಿಗೆ ಸೆಳೆತ ತಾಗದಂತೆ ಎರಡೂ ಕೈ ಅಡ್ಡ ಹಿಡಿದರು. ಬಹಳ ಹೊತ್ತಿನ ಮೇಲೆ ಅದರ ಬಾಲ ಅಲುಗಿತು. ಅಜ್ಜಿಯ ಬೆರಳ ಸಂದಿಯಿಂದ ನುಸುಳಿ ಹೊರಟೇಹೋಯಿತು.

ಅಜ್ಜಿ ಒಂದು ಬೊಗಸೆ ನೀರೆತ್ತಿ ಮೂಸಿದರು. ಆಮೇಲೆ ನನ್ನ ಮೂಗಿನ ಹತ್ತಿರವೂ ಹಿಡಿದರು.