ತಿಗಣೆ ತಂದವರು

ಎರಡನೆಯ ಮಹಡಿಯ ಟೀಚರಮ್ಮನ ಹಾಸಿಗೆಯಲ್ಲಿ ತಿಗಣೆ ಸಿಕ್ಕಿತು ಎನ್ನುವಷ್ಟರಲ್ಲಿ, ಅದನ್ನು ತಂದವನು ಯಾರೆಂಬುದು ಇಡೀ ಕಟ್ಟಡಕ್ಕೆ ಗೊತ್ತಾಗಿಹೋಗಿತ್ತು. ಮೆಟ್ಟಿಲ ಕೆಳಗಿನ ಮನೆಯ ಕಂಡಕ್ಟರ್. ಊರವರೆಲ್ಲ ಕೂತೆದ್ದ ಸೀಟುಗಳ ನಡುವೆ ದಿನವಿಡೀ ಓಡಾಡುವವನು, ಬಸ್ಸು ತಂಗಿದ ಕಡೆ ಸಿಕ್ಕಿದ ಹಾಸಿಗೆಯಲ್ಲಿ ಮಲಗುವವನು. ಅವನಲ್ಲದೆ ಇನ್ನಾರು ತಂದಾರು?

"ತಿಗಣೆಗೆ ರೆಕ್ಕೆ ಇಲ್ಲ," ಎಂದರು ದೊಡ್ಡಮ್ಮ. "ಯಾರಾದ್ರೂ ಹೊತ್ಕೊಂಡು ಬಂದ್ರೇನೇ ಅದು ಬರೋದು."

ಆ ಕಟ್ಟಡದಲ್ಲಿ ದೊಡ್ಡಮ್ಮನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ. ಮಾಲೀಕರು ದೂರದಲ್ಲಿದ್ದರು, ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂಬುದನ್ನು ಎಲ್ಲರಿಗಿಂತ ಹಳಬರಾದ ಈಕೆಯನ್ನು ಕೇಳಿಯೇ ತೀರ್ಮಾನಿಸುತ್ತಿದ್ದರು. ಹಿಂದಿನ ವರ್ಷ ತಮ್ಮ ಯಜಮಾನರು ತೀರಿಹೋದ ಮೇಲೆ ದೊಡ್ಡಮ್ಮನಿಗೆ ಖಾಲಿ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಯಾರಿಗೆ ಜ್ವರ ಬಂದರೂ, ಯಾರ ಮಗು ಅತ್ತರೂ ಹಾಜರು. ಕಂಕುಳಲ್ಲಿ ಒಂದು ದಪ್ಪನೆಯ ದಿಂಬು. ಯಜಮಾನರು ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ವಾರ್ಡಿನ ಬೆಂಚಿನ ಮೇಲೆ ಅದನ್ನೇ ಹಾಕಿಕೊಂಡು, ದೇವರ ನಾಮ ಹೇಳುತ್ತ ಕೂತಿದ್ದರು. ಈಗ ಅದಿಲ್ಲದೆ ಎಲ್ಲೂ ಕೂರರು. ಸೊಂಟನೋವು ಎನ್ನುತ್ತಿದ್ದರು. ಯಾರೂ ಹೆಚ್ಚು ಕೆದಕಲು ಹೋಗುತ್ತಿರಲಿಲ್ಲ.

ದಂಡಯಾತ್ರೆ ಅಂದೇ ಶುರುವಾಯಿತು. ದೊಡ್ಡಮ್ಮ ಟಾರ್ಚ್ ಹಿಡಿದು ಮನೆಮನೆಗೆ ಹೋದರು. ಮಂಚಗಳನ್ನು ಗೋಡೆಯಿಂದ ದೂರ ಎಳೆಸಿದರು. ಅಲ್ಲೇ ಹಾಸಿಗೆಯ ತುದಿಯಲ್ಲಿ ದಿಂಬು ಹಾಕಿ ಕೂತು, ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ಕಪ್ಪು ಚುಕ್ಕೆ ಹುಡುಕುವುದನ್ನು ಹೇಳಿಕೊಟ್ಟರು. ಹೊದಿಕೆಗಳನ್ನು ಕುದಿಯುವ ನೀರಿಗೆ ಹಾಕಿಸಿದರು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿಸಿದರು. ಯಾರೋ ಬಿಸಾಡಿದ ಕುರ್ಚಿಯನ್ನು ಮನೆಗೆ ತಂದವರ ಕೈ ಮುರಿಯುವುದಾಗಿ ಬೆದರಿಸಿದರು. ದೊಡ್ಡಮ್ಮನ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಅದು ಶುಚಿಯಾಗಿರುವವರಿಗೆ ದೇವರು ಕೊಡುವ ಫಲವೆಂದು ನಂಬಿದ್ದರು.

ಆದರೂ ತಿಗಣೆ ಹಬ್ಬಿತು. ಇಂದು ದರ್ಜಿಯ ಮನೆ, ನಾಳೆ ಎದುರಿನ ಹೊಸ ದಂಪತಿಗಳ ಮನೆ. ತಾರಸಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಹಾಸಿಗೆಗಳನ್ನು ನೋಡಿ ದರ್ಜಿ, ಕಟ್ಟಡದ ನಿದ್ದೆಯೆಲ್ಲ ಇಲ್ಲಿ ಬಿಸಿಲು ಕಾಯುತ್ತಿದೆ, ನಾವು ಮಾತ್ರ ಕೆಳಗೆ ಕೆರೆದುಕೊಳ್ಳುತ್ತಿದ್ದೇವೆ ಎಂದ.

ಕಂಡಕ್ಟರನ ಮನೆಗೆ ಮಾತ್ರ ದೊಡ್ಡಮ್ಮ ಹೋಗಲಿಲ್ಲ. ಗೊತ್ತಿದ್ದೂ ಹುತ್ತಕ್ಕೆ ಕೈ ಹಾಕುವವರುಂಟೇ ಎಂದರು. ಅವನೇ ಮೆಟ್ಟಿಲು ಹತ್ತಿ ಬಂದು ಬೇಡಿಕೊಂಡ. ಬಾಣಂತಿ ಹೆಂಡತಿಯನ್ನೂ ಕೂಸನ್ನೂ ಮುಂದಿನ ವಾರ ಕರೆತರುವವನಿದ್ದ. ಈಗ ಮನೆ ಬಿಡಿಸಿದರೆ ಹಸುಗೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ?

"ನನ್ನ ಮೈ ನೋಡಿ ದೊಡ್ಡಮ್ಮ, ಒಂದಾದ್ರೂ ಗುಳ್ಳೆ ಇದ್ಯಾ?"

"ಕಚ್ಚಿದ ಗುರುತು ಎಲ್ಲರ ಮೈಮೇಲೂ ಏಳಲ್ಲ ಕಣಪ್ಪ. ಗುಳ್ಳೆ ಇಲ್ಲ ಅಂದ ಮಾತ್ರಕ್ಕೆ ತಿಗಣೆ ಇಲ್ಲ ಅಂತ ಅಲ್ಲ."

ಕಂಡಕ್ಟರ್ ತಲೆ ತಗ್ಗಿಸಿಕೊಂಡು ಇಳಿದುಹೋದ.

ರಜೆಯ ದಿನ ಬೆಳಿಗ್ಗೆ ತಾರಸಿಯ ಮೇಲೆ, ಹಾಸಿಗೆಗಳ ನಡುವೆಯೇ ಪಂಚಾಯಿತಿ ಸೇರಿತು. ಔಷಧಿ ಹೊಡೆಯುವವನನ್ನೂ ಕರೆಸಿದ್ದರು. ದೊಡ್ಡಮ್ಮ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ದಿಂಬು ಹಾಕಿಕೊಂಡು ಕೂತರು. ಕಂಡಕ್ಟರ್ ಗಾಬರಿಯಲ್ಲಿ ಕುತ್ತಿಗೆ ಕೆರೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದ ದರ್ಜಿ. ಎಲ್ಲರೂ ನಕ್ಕರು. ಪಾಪ, ಕಂಡಕ್ಟರನೂ ನಗಲು ನೋಡಿದ.

ದೊಡ್ಡಮ್ಮ ಔಷಧಿಯವನನ್ನು ಮೊದಲು ಮೆಟ್ಟಿಲ ಕೆಳಗಿನ ಮನೆಗೇ ಕಳಿಸಿದರು. ಅಲ್ಲಿ ತಿಗಣೆ ಸಿಕ್ಕಿದ ತಕ್ಷಣ ಮಾಲೀಕರಿಗೆ ಫೋನು. ಸಂಜೆಯೊಳಗೆ ಮನೆ ಖಾಲಿ. ಎಲ್ಲರೂ ಮೆಟ್ಟಿಲ ಕಡೆ ನೋಡುತ್ತ ಕಾದರು.

ಔಷಧಿಯವನು ಬಹಳ ಹೊತ್ತಿನ ಮೇಲೆ ಹತ್ತಿ ಬಂದ. ಮಂಚ, ಚಾಪೆ, ಬಾಗಿಲ ಸಂದು, ಮಗುವಿಗೆಂದು ತಂದಿಟ್ಟ ತೊಟ್ಟಿಲು, ಯಾವುದನ್ನೂ ಬಿಟ್ಟಿರಲಿಲ್ಲ.

"ಅಲ್ಲಿ ಒಂದೂ ಇಲ್ಲಮ್ಮ," ಎಂದ. "ಮೊಟ್ಟೆ ಇಲ್ಲ, ಚುಕ್ಕೆ ಇಲ್ಲ. ಆ ಮನೆಗೆ ತಿಗಣೆ ಬಂದೇ ಇಲ್ಲ."

ಸಭೆ ಮುಖಮುಖ ನೋಡಿಕೊಂಡಿತು. ದೊಡ್ಡಮ್ಮನದು ತಪ್ಪು ಮಾಡದವನ ಮೇಲೆ ತಪ್ಪು ಹೊರಿಸುವುದಕ್ಕಿಂತ ದೊಡ್ಡ ಪಾಪವಿಲ್ಲವೆಂದು ನಂಬಿ ಬಾಳಿದ ಜೀವ. ಹಾಗಾದರೆ ತಂದವರು ಯಾರು? ಬುಡದಿಂದ ನೋಡೋಣವೆಂದು, ಅವರವರ ಮನೆಗೆ ಅದು ಯಾವಾಗ ಬಂತೆಂದು ಒಬ್ಬೊಬ್ಬರನ್ನೇ ಕೇಳಿದರು.

ಟೀಚರಮ್ಮ ನೆನಪಿಸಿಕೊಂಡರು. "ನನಗೆ ಜ್ವರ ಬಂದಾಗ ಮಂಚದ ಮೇಲೆ ಪಕ್ಕದಲ್ಲೇ ಕೂತು ಔಷಧಿ ಕುಡಿಸಿದ್ರಲ್ಲ ದೊಡ್ಡಮ್ಮ, ಅದಾದ ಮೇಲೆ."

ದರ್ಜಿ ತನ್ನ ಮನೆಯಲ್ಲಿ ಅವರು ಪರೀಕ್ಷೆ ಮಾಡಿದ ದಿನ ಏನೂ ಸಿಕ್ಕಿರಲಿಲ್ಲವೆಂದೂ, ಶುರುವಾದದ್ದೆಲ್ಲ ಆಮೇಲೆಯೇ ಎಂದೂ ಹೇಳಿದ. ಎದುರು ಮನೆಯ ಹೊಸ ಮದುವಣಗಿತ್ತಿ, "ನಮ್ಮನೇಲೂ ಹಾಗೇ, ನೀವು ಬಂದು ಹೋದ..." ಎಂದು ಬಾಯಿ ತೆರೆದಳು. ಗಂಡ ಅವಳ ಕಾಲು ತುಳಿದ.

ದೊಡ್ಡಮ್ಮ ಮೆಲ್ಲಗೆ ಎದ್ದರು. ತಾವು ಕೂತಿದ್ದ ದಿಂಬನ್ನು ಎತ್ತಿ, ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ನೋಡಿದರು. ಒಳಗೆ ಅಜ್ಜ ಅಜ್ಜಿ ಮೊಮ್ಮಕ್ಕಳ ಸಮೇತ ದೊಡ್ಡ ಸಂಸಾರವೇ ಇತ್ತು. ಯಜಮಾನರು ಹೋದ ಮೇಲೆ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಂಡಕ್ಟರನ ಕಡೆ ತಿರುಗಿದರು.

"ಹೆಂಡತಿ ಮಗೂನ ಧೈರ್ಯವಾಗಿ ಕರ್ಕೊಂಡು ಬಾಪ್ಪ. ನಾನೊಬ್ಬಳು ನೋಡೋಕೆ ಬರದಿದ್ರೆ ಸಾಕು."