ಒಂಬತ್ತನೇ ಬೆಡ್ಡಿನ ಬಳೆ

ಐಸಿಯು ನರ್ಸುಗಳು ರೋಗಿಯ ನಾಡಿಯನ್ನು ಬಳೆಯಾಗಿ ತೊಡುತ್ತಿದ್ದರು; ರೋಗಿಯ ಎದೆ ಬಡಿದಂತೆ ಬಳೆಯೂ ಬಡಿಯುತ್ತಿತ್ತು. ಇಪ್ಪತ್ತಾರು ವರ್ಷ ಹೆರಿಗೆ ವಾರ್ಡನ್ನು ಆಳಿದ್ದ ಇಂದುಮತಿ ಸಿಸ್ಟರಿಗೆ ಇಂದು ಇಲ್ಲಿ ಮೊದಲ ದಿನ. ಸಾವಿರಾರು ಕೂಸು ಹಿಡಿದ ಕೈಗೆ ಇದೇನು ಮಹಾ ಎಂದು ಬೀಗಿ, ತಾನೇ ಒಂಬತ್ತನೇ ಬೆಡ್ಡಿನ ಬಳೆ ಏರಿಸಿಕೊಂಡಳು.

ಏರಿಸಿದ್ದೇ ತಡ, ಅದು ಡವಡವ ಹೊಡೆದುಕೊಂಡಿತು. ಆ ಬೆಡ್ಡಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ಮುದುಕರ ಮುಂದೆ ಅವಳು ಗಾಬರಿಯಲ್ಲಿ ಕೂಗಿಯೇಬಿಟ್ಟಳು: "ತಿಣಕವ್ವಾ, ಇನ್ನೊಂದ ಸಲ ತಿಣಕು!"

ಕೆಲಸ ಕಲಿಸುತ್ತಿದ್ದ ತಬಸ್ಸುಮ್ ಓಡಿಬಂದಳು. "ಅಕ್ಕಾರ, ಬಳಿ ಅವರಿಗೆ ಇನ್ನೂ ಜೋಡಿಸಿಲ್ಲ. ಹೊಡಕೊಳ್ಳಾಕತ್ತಿದ್ದು ನಿಮ್ಮ ಎದಿ!"

ಇಂದುಮತಿಗೆ ನೆಲ ಬಾಯ್ಬಿಡಬಾರದೆ ಎನಿಸಿತು. ಮುಖ ಮರೆಮಾಡಲು ಹೊದಿಕೆ ಸರಿಪಡಿಸುತ್ತ, ಕೂಸುಗಳಿಗೆ ಮಾಡುವಂತೆ ಮುದುಕರ ಅಂಗಾಲು ಮುಟ್ಟಿದಳು. "ತಬಸ್ಸುಮ್, ಕಾಲು ಥಣ್ಣಗಾಗ್ಯಾವ. ಲಗೂನ ಜೋಡಿಸು!"

ಜೋಡಿಸಿ ನೋಡಿದರೆ ನಾಡಿ ಕುಸಿಯುತ್ತಿತ್ತು. ಡಾಕ್ಟರು ಓಡಿಬಂದರು. ಅರ್ಧ ಗಂಟೆಯ ಹೋರಾಟದ ಮೇಲೆ ಬಳೆಯ ಬಡಿತ ಹದಕ್ಕೆ ಬಂತು.

ಹೊರಗೆ ಮುದುಕರ ಹೆಂಡತಿ ಕೈಮುಗಿದು ನಿಂತಿದ್ದರು. ಇಂದುಮತಿಯ ನಾಲಿಗೆ ಹೆರಿಗೆ ವಾರ್ಡಿನ ಹಳೆಯ ಚಾಳಿ ಬಿಡಲಿಲ್ಲ.

"ಇಬ್ಬರೂ ಆರಾಮ ಅದಾರ್ರೀ ಅಮ್ಮಾ."

"ಇಬ್ಬರು ಯಾರ್ರೀ?"

ಇಂದುಮತಿ ಬೆವರು ಒರೆಸಿಕೊಂಡಳು. "ಒಬ್ಬರು ನಿಮ್ಮ ಯಜಮಾನರು. ಇನ್ನೊಬ್ಬಾಕಿ ನಾನ."