ಬೆನ್ನ ಹಿಂದಿನ ಕೈ

ಕೃತಕ ಕಾಲು ಮಾಡುವ ವರ್ಕ್‌ಶಾಪಿನ ಇಳಿಜಾರು ಹಲಗೆಯ ನಡುವೆ, ತಮ್ಮ ಮಾಡಿದ ಹೊಸ ಕಾಲನ್ನು ಬೇರೆಯವರಿಗೆ ಕೊಡುವ ಮೊದಲು ಅಕ್ಕ ಹಾಕಿಕೊಂಡು ಪರೀಕ್ಷಿಸುತ್ತಿದ್ದಾಗ, ಅದರ ಮಂಡಿ ಒಮ್ಮೆ ಸಡಿಲಾಯಿತು. ಆದರೂ ಅಕ್ಕ ಬೀಳಲಿಲ್ಲ. ಸೊಂಟದ ಬೆಲ್ಟು ಹೊಟ್ಟೆಗೆ ಬಿಗಿಯಿತು. ಅವಳು ಕೈ ಹಿಂದಕ್ಕೆ ಹಾಕಿದಳು. ಬೆಲ್ಟಿನಡಿ ತಮ್ಮನ ಬೆರಳುಗಳು ಸಿಕ್ಕವು.

“ಯಾವಾಗಿಂದ ಹಿಡ್ಕೊಂಡಿದ್ದೀಯ?”

“ಹೋದ ಸಲ ಬಿದ್ದು ಹಲ್ಲು ಮುರ್ಕೊಂಡೆಯಲ್ಲ, ಆವಾಗಿಂದ. ಸುಮ್ನೆ, ಮೆತ್ತಗೆ ಅಷ್ಟೇ.”

ಅವಳ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಒಂದು ಸಲವೂ ಬಿದ್ದಿಲ್ಲವೆಂದು ವರ್ಕ್‌ಶಾಪಿನವರೆಲ್ಲ ಬೀಗಿದ್ದರು, ಅವಳೂ ಬೀಗಿದ್ದಳು. ಗೋಡೆಗೆ ಒರಗಿಸಿದ್ದ ಹಳೇ ಕಾಲುಗಳಲ್ಲಿ, ಎಲ್ಲಿ ಕೈಕೊಟ್ಟಿತ್ತೋ ಅಲ್ಲಿಗೆ, ಮುಂದಿನ ಕಾಲಿನಲ್ಲಿ ಸರಿಪಡಿಸಲೆಂದು, ಕೆಂಪು ಬಣ್ಣ ಹಚ್ಚಿಡುವುದು ಇಲ್ಲಿನ ರೂಢಿ. ಒಂದೊಂದು ಕೆಂಪು ಗುರುತೂ ಅವಳು ಬಿದ್ದು ಸಂಪಾದಿಸಿದ್ದು. ಈ ಹೊಸ ಕಾಲಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

“ನಾಳೆ ಇದನ್ನ ಹಾಕ್ಕೊಂಡು ಬಸ್ ಇಳಿಯೋರ ಹಿಂದೆನೂ ಬೆಲ್ಟ್ ಹಿಡ್ಕೊಂಡು ಓಡ್ತೀಯಾ? ಬಿಡು ಕೈ.”

“ಅಕ್ಕಾ, ಬೀಳ್ತೀಯ.”

“ಮತ್ತೆ ನಾನಿಲ್ಲಿಗೆ ಬರೋದು ಯಾತಕ್ಕೋ? ಬಿಡು ಅಂದ್ರೆ ಬಿಡು.”

ಅವನು ಬಿಟ್ಟ. ಎರಡು ಹೆಜ್ಜೆ ಇಡುವಷ್ಟರಲ್ಲಿ ಮಂಡಿ ಒಳಕ್ಕೆ ತಿರುಚಿಕೊಂಡಿತು. ಅಕ್ಕ ಮುಖ ಅಡಿಯಾಗಿ ಧೊಪ್ಪನೆ ಬಿದ್ದಳು. ತುಟಿ ಒಡೆದು ರಕ್ತ ಬಂತು. ತಮ್ಮ ಓಡಿಬಂದು ಅವಳ ಗಲ್ಲ ಹಿಡಿದೆತ್ತಲು ಹೋದ. ಅವಳು ಆ ಕೈಯನ್ನು ಕೊಡವಿ ಹಾಕಿದಳು.

“ನನ್ನ ಮುಖ ಏನ್ ನೋಡ್ತೀಯ? ಮಂಡಿ ನೋಡು. ಬಣ್ಣ ತಗೊಂಡ್ಬಾ, ಅಲ್ಲೀವರೆಗೂ ನಾನು ಏಳಲ್ಲ.”